ಎರಡು ದೇಶ, ಎರಡು ಪ್ರೀಮಿಯಂ

ಅಮೆರಿಕದಲ್ಲಿ ಅರವತ್ತೈದು ತುಂಬಿದರೆ ಸಾಕು, ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ನೋಡಿಕೊಳ್ಳುತ್ತದೆ ಎನ್ನುವವರು ನ್ಯೂಜೆರ್ಸಿಯ ಪಾರ್ಕ್ ಬೆಂಚುಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ನಿವೃತ್ತಿಯ ಮೇಲೆ ಗ್ರೀನ್ ಕಾರ್ಡ್ ಹಿಡಿದು ಮಗನ ಮನೆ ಸೇರಿದ ನಮ್ಮಂಥವರಿಗೆ ಅದು ಅರ್ಧ ಸತ್ಯ. ಅರ್ಜಿ ಹಾಕುವ ಮುಂಚೆ ಸತತ 5 ವರ್ಷ ಇಲ್ಲೇ ವಾಸವಿರಬೇಕು. ಆಮೇಲಾದರೂ ಪುಕ್ಕಟೆಯಲ್ಲ. ಆಸ್ಪತ್ರೆ ಖರ್ಚಿನ ‘ಪಾರ್ಟ್ ಎ’ ಉಚಿತವಾಗುವುದು ಹೆಚ್ಚುಕಡಿಮೆ 10 ವರ್ಷ ದುಡಿದು ಮೆಡಿಕೇರ್ ತೆರಿಗೆ ಕಟ್ಟಿದವರಿಗೆ, ಇಲ್ಲವೇ ಅವರ ಸಂಗಾತಿಗೆ. ಮಗ ಎಷ್ಟೇ ಕಟ್ಟಿರಲಿ, ಆ ಪುಣ್ಯ ಅಪ್ಪ-ಅಮ್ಮನ ಖಾತೆಗೆ ಜಮೆಯಾಗುವುದಿಲ್ಲ.

ಹಾಗಾಗಿ ದುಡ್ಡು ಕೊಟ್ಟೇ ಕೊಳ್ಳಬೇಕು. 2025ರ ದರದಲ್ಲಿ ಪಾರ್ಟ್ ಎಗೆ ತಿಂಗಳಿಗೆ 518 ಡಾಲರ್, ವೈದ್ಯರ ಖರ್ಚಿನ ಪಾರ್ಟ್ ಬಿಗೆ 185. ಇಬ್ಬರಿಗೆ 1,406. ಡಾಲರಿಗೆ 85 ರೂಪಾಯಿ ಹಿಡಿದರೂ 1.2 ಲಕ್ಷದ ಹತ್ತಿರ, ಪ್ರತಿ ತಿಂಗಳೂ! ನನ್ನ ಬ್ಯಾಂಕ್ ಪಿಂಚಣಿ ಅದರ ಅರ್ಧಕ್ಕೂ ಬರುವುದಿಲ್ಲ.

ಆ ಐದು ವರ್ಷ ಕಳೆಯಲು ನಾವು ಸರ್ಕಾರಿ ಮಾರ್ಕೆಟ್‌ಪ್ಲೇಸ್‌ನಲ್ಲಿ ಖಾಸಗಿ ಪಾಲಿಸಿ ಮಾಡಿಸಿದೆವು. ಹಳೇ ಸಕ್ಕರೆ ಕಾಯಿಲೆ, ಬಿಪಿ ಇದೆಯೆಂದು ಅಲ್ಲಿ ಯಾರೂ ಬಾಗಿಲು ಹಾಕುವಂತಿಲ್ಲ. ಪ್ರೀಮಿಯಂ ಮಾತ್ರ ವಯಸ್ಸಿನೊಂದಿಗೆ ಏರುತ್ತದೆ; ಇಪ್ಪತ್ತೊಂದರ ಹುಡುಗ ಕಟ್ಟುವುದರ ಮೂರು ಪಟ್ಟಿನವರೆಗೂ ಕೇಳಬಹುದು. ಸಬ್ಸಿಡಿ ಉಂಟು, ಆದರೆ ಮಗ ತನ್ನ ತೆರಿಗೆ ಲೆಕ್ಕದಲ್ಲಿ ನಮ್ಮನ್ನು ಅವಲಂಬಿತರೆಂದು ತೋರಿಸಿದರೆ ಅವನ ಸಂಬಳವೂ ಎಣಿಕೆಗೆ ಬಂದು ಅದು ಕರಗಬಹುದು. ಅವಲಂಬಿತರೆಂದು ತೋರಿಸಿ ಉಳಿಸುವ ತೆರಿಗೆ ಎಷ್ಟು, ಕಳೆದುಕೊಳ್ಳುವ ಸಬ್ಸಿಡಿ ಎಷ್ಟು ಎಂದು ಅಪ್ಪ-ಮಗ ಒಟ್ಟಿಗೆ ಕೂತು ಲೆಕ್ಕ ಹಾಕಬೇಕು. ನಮ್ಮ ಮನೆಯಲ್ಲಿ ಈ ಲೆಕ್ಕ ಒಂದೆರಡು ಬಾರಿ ಜಗಳಕ್ಕೂ ತಿರುಗಿದ್ದುಂಟು.

ಆರು ತಿಂಗಳಿಗೆ ಬಂದು ಹೋಗುವವರ ವಿಸಿಟರ್ ಇನ್ಶೂರೆನ್ಸ್ ಅಗ್ಗ. ಹಳೇ ಕಾಯಿಲೆಯನ್ನು ಅದು ಸಾಮಾನ್ಯವಾಗಿ ಹೊರಗಿಡುವುದರಿಂದಲೇ ಅಗ್ಗ.

ಇನ್ನು ಊರಿನ ಪಾಲಿಸಿ. ‘ಇಲ್ಲಿರುವಾಗ ಅದೇಕೆ ದಂಡ’ ಎಂದು ನಿಲ್ಲಿಸಿಬಿಡುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಮೈಸೂರಿಗೆ ಹೋದಾಗ ಎದೆ ಹಿಡಿದುಕೊಂಡರೆ ಮೆಡಿಕೇರ್ ಸಾಮಾನ್ಯವಾಗಿ ಒಂದು ಕಾಸೂ ಕೊಡುವುದಿಲ್ಲ. ಭಾರತದಲ್ಲಿ ಹೊಸ ಪಾಲಿಸಿಗೆ 65ರ ವಯೋಮಿತಿ 2024ರಿಂದ ಇಲ್ಲ, ನಿಜ. ಆದರೆ ಹಳೇ ಕಾಯಿಲೆಗೆ 3 ವರ್ಷದವರೆಗೆ ಮತ್ತೆ ಕಾಯಿಸಬಹುದು. ವೈಯಕ್ತಿಕ ಪಾಲಿಸಿಯ ಮೇಲಿನ 18% ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ. ನವೀಕರಣದ ಹಣ ಎನ್‌ಆರ್‌ಒ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಮಾಡಿಟ್ಟು ಬಂದಿದ್ದೇನೆ; ಗಡುವು ನೆನಪಿಡುವ ಕೆಲಸವನ್ನು ಈ ವಯಸ್ಸಿನಲ್ಲಿ ತಲೆಗೆ ವಹಿಸುವುದು ಬೇಡವೆಂದು.