ಅರಿಶಿನ ಕಾಗದ ಏನನ್ನು ‘ಸೂಚಿಸುತ್ತದೆ’?

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಶಾಲೆಯೊಂದರಲ್ಲಿ ಪ್ರಾಯೋಗಿಕ ಬೋಧನೆಗೆ ನನಗೆ ಸಿಕ್ಕಿದ್ದು ಏಳನೇ ತರಗತಿಯ ಆಮ್ಲ, ಪ್ರತ್ಯಾಮ್ಲಗಳ ಪಾಠ. ಬೋಧನೋಪಕರಣಕ್ಕೆ ಖರ್ಚೇನೂ ಇರಲಿಲ್ಲ. ಅರಿಶಿನ ಸವರಿ ಒಣಗಿಸಿದ ಕಾಗದದ ಪಟ್ಟಿಗಳು, ಸೋಪಿನ ನೀರು, ಎಲೆ ಅಡಿಕೆಗೆ ಹಾಕುವ ಸುಣ್ಣದ ತಿಳಿ, ಹುಣಸೆ ರಸ, ನಿಂಬೆ ರಸ. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಆರತಿಯ ಓಕುಳಿ ಕೆಂಪಾಗುವುದು ಮಕ್ಕಳಿಗೆಲ್ಲ ಗೊತ್ತಿತ್ತು. ಪೀಠಿಕೆ ಅಲ್ಲಿಂದಲೇ ಆಯಿತು.

ಕಪ್ಪುಹಲಗೆ ಸಾರಾಂಶದಲ್ಲಿ ನಾನು ಹೀಗೆ ಬರೆದೆ: ‘ಕೆಂಪು ಕಂದು ಬಣ್ಣ ಪ್ರತ್ಯಾಮ್ಲವನ್ನು ಸೂಚಿಸುತ್ತದೆ. ಹಳದಿ ಬಣ್ಣ ಆಮ್ಲವನ್ನು ಸೂಚಿಸುತ್ತದೆ.’ ಮೂರನೇ ಬೆಂಚಿನ ಹುಡುಗಿಯೊಬ್ಬಳು ಅಷ್ಟರಲ್ಲಿ ತನ್ನ ಬಾಟಲಿಯ ನೀರನ್ನೇ ಪಟ್ಟಿಯ ಮೇಲೆ ಹಾಕಿದ್ದಳು. “ಸಾರ್, ಬರೀ ನೀರು ಹಾಕಿದ್ರೂ ಹಳದಿನೇ ಐತೆ. ನೀರೂ ಆಮ್ಲನಾ?” ಎಂದಳು. ಅದು ಮುಂದಿನ ಪಾಠದಲ್ಲಿ ಬರುತ್ತದೆ ಎಂದು ಹೇಳಿ ನಾನು ಮುಂದೆ ಹೋದೆ. ಸಹಪಾಠಿಯ ವೀಕ್ಷಣಾ ಹಾಳೆಯಲ್ಲಿ ನನ್ನ ಹಲಗೆ ಬರಹ ಅಂದವಾಗಿದೆ ಎಂದಿತ್ತು. ಅಂದವಾಗಿಯೇ ತಪ್ಪು ಬರೆದಿದ್ದೆ.

ತಪ್ಪು ರಸಾಯನಶಾಸ್ತ್ರಕ್ಕಿಂತ ಕ್ರಿಯಾಪದದಲ್ಲಿತ್ತು. ಆಮ್ಲದಲ್ಲೂ ತಟಸ್ಥ ದ್ರಾವಣದಲ್ಲೂ ಅರಿಶಿನ ಹಳದಿಯಾಗಿಯೇ ಇರುತ್ತದೆ. ಹಾಗಾಗಿ ಹಳದಿ ‘ಪ್ರತ್ಯಾಮ್ಲವಲ್ಲ’ ಎಂಬುದನ್ನಷ್ಟೇ ಸೂಚಿಸುತ್ತದೆ. ಅದರ ಮೇಲೆ ‘ಆಮ್ಲ’ ಎಂದದ್ದು ನನ್ನ ಊಹೆ. ಆಮ್ಲವನ್ನು ಸೂಚಿಸಬೇಕಾದರೆ ನೀಲಿ ಲಿಟ್ಮಸ್ ಬೇಕು, ಅದು ಕೆಂಪಾಗಬೇಕು. ಸೂಚಿಸುವುದು ವಸ್ತು ಅಥವಾ ಘಟನೆ, ಊಹಿಸುವುದು ಮತ್ತು ತೀರ್ಮಾನಿಸುವುದು ನೋಡುವವರು. ನನ್ನ ವಾಕ್ಯದಲ್ಲಿ ಈ ಎರಡೂ ಒಂದಾಗಿ ಕಲೆತುಹೋಗಿದ್ದವು.

ಆ ರಾತ್ರಿ ಮಕ್ಕಳ ಪ್ರಯೋಗ ಪುಸ್ತಕಗಳನ್ನು ತಿದ್ದುತ್ತಾ ಕುಳಿತಾಗ ಇದೇ ಕ್ರಿಯಾಪದ ಹಲವು ಕಡೆ ಎಡವಿದ್ದು ಕಂಡಿತು. ಒಬ್ಬ ಬರೆದಿದ್ದ: ‘ನಿಂಬೆ ರಸವು ಲಿಟ್ಮಸ್‌ಗೆ ಕೆಂಪಾಗಲು ಸೂಚಿಸುತ್ತದೆ.’ ಮೊದಲು ನಗು ಬಂತು. ಆಮೇಲೆ ಅವನ ದಾರಿ ಅರ್ಥವಾಯಿತು. ಪ್ರಶ್ನೆಪತ್ರಿಕೆಯ ತಲೆಯಲ್ಲಿರುವ ‘ಸೂಚನೆ’ ಅವನಿಗೆ ಗೊತ್ತು, ಹೇಳಿದಂತೆ ಮಾಡು ಎಂಬುದು ಅದರ ಅರ್ಥ. ಮುಖ್ಯಶಿಕ್ಷಕರು ಮಕ್ಕಳಿಗೆ ಸಾಲಾಗಿ ನಿಲ್ಲಲು ಸೂಚಿಸುತ್ತಾರೆ. ಸಭೆಯಲ್ಲಿ ಒಬ್ಬರು ಹೆಸರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ಕಪ್ಪು ಮೋಡ ಮಳೆಯನ್ನು ಸೂಚಿಸುತ್ತದೆ. ಪದ ಒಂದೇ ಆದರೂ ಕೆಲಸ ಬೇರೆ ಬೇರೆ. ‘-ಗೆ’ ಜೊತೆಗೆ ‘ನಿಲ್ಲಲು’, ‘ಬರಲು’ ಎಂಬಂಥ ರೂಪ ಬಂದರೆ ಅದು ಅಪ್ಪಣೆ. ವಸ್ತುವೊಂದು ‘-ಅನ್ನು’ ಹಿಡಿದು ಬಂದರೆ ಸುಳಿವು. ವಿಜ್ಞಾನಕ್ಕೆ ಬೇಕಾದದ್ದು ಎರಡನೆಯದು.

ಮರುದಿನ ಪಾಠ ಯೋಜನೆಯಿಂದ ಹದಿನೈದು ನಿಮಿಷ ಕದ್ದೆ. ಮೊದಲು ಆ ಹುಡುಗಿಯ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ನಿನ್ನೆಯ ಎರಡನೇ ವಾಕ್ಯವನ್ನು ನಾನೇ ಅಳಿಸಿದೆ. ದಿಕ್ಸೂಚಿಯ ಮುಳ್ಳನ್ನು ತೋರಿಸಿ, ಸಂಸ್ಕೃತದಲ್ಲಿ ‘ಸೂಚಿ’ ಎಂದರೆ ಸೂಜಿ, ನಮ್ಮ ಸೂಜಿಯೇ ಅದರ ತದ್ಭವ ಎಂದೆ. ಭಾಷಾ ಶಿಕ್ಷಕರ ಗಡಿ ದಾಟಿದೆನೇನೋ, ಆದರೆ ಮಕ್ಕಳಿಗೆ ಹಿಡಿಸಿತು. ಮುಳ್ಳು ಉತ್ತರದ ಕಡೆಗೆ ತಿರುಗಿ ನಿಲ್ಲುತ್ತದೆ, ನಮ್ಮನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲ, ಅಲ್ಲಿ ಯಾವ ಊರಿದೆ ಎಂದೂ ಹೇಳುವುದಿಲ್ಲ. ಬಳಿಕ ಪಟ್ಟಿಗಳನ್ನು ಮತ್ತೆ ಹಂಚಿ, ಪ್ರತಿ ಗುಂಪೂ ಎರಡು ವಾಕ್ಯ ಬರೆಯಬೇಕೆಂದೆ: ‘… ಎಂಬುದನ್ನು ಸೂಚಿಸುತ್ತದೆ’ ಒಂದು, ‘ಆದ್ದರಿಂದ ನಾವು … ಎಂದು ಊಹಿಸುತ್ತೇವೆ’ ಇನ್ನೊಂದು. ಊಹೆಯ ಮುಂದೆ ಯಾವ ಪರೀಕ್ಷೆ ಬಾಕಿ ಇದೆ ಎಂದೂ ಸೇರಿಸಬೇಕು. ‘ನಾವು ಆಮ್ಲ ಎಂದು ಸೂಚಿಸುತ್ತೇವೆ’ ಎಂದು ಬರೆದ ಗುಂಪನ್ನು ಪಕ್ಕದ ಗುಂಪೇ ತಿದ್ದಿತು. “ನಾವು ಕಾಗದನಾ?” ಎಂದು ಕೇಳಿ ನಕ್ಕರು.

ಘಟಕ ಪರೀಕ್ಷೆಗೆ ಬರೆದಿಟ್ಟಿದ್ದ ‘ಹಳದಿ ಬಣ್ಣ ಏನನ್ನು ಸೂಚಿಸುತ್ತದೆ?’ ಎಂಬ ಒಂದು ಅಂಕದ ಪ್ರಶ್ನೆಯನ್ನು ತೆಗೆದು ಎರಡು ಅಂಕದ್ದು ಮಾಡಿದೆ: ‘ಅರಿಶಿನ ಕಾಗದ ಹಳದಿಯಾಗಿಯೇ ಉಳಿಯಿತು. ಇದು ಏನನ್ನು ಸೂಚಿಸುತ್ತದೆ? ಏನನ್ನು ಸೂಚಿಸುವುದಿಲ್ಲ?’ ಮೂರನೇ ಬೆಂಚಿನವಳು ಎರಡನೇ ಭಾಗಕ್ಕೆ ಉತ್ತರ ಬರೆದು, ಕೆಳಗೆ ಪುಟ್ಟದಾಗಿ ‘ನೀಲಿ ಲಿಟ್ಮಸ್ ಕೊಡಿ ಸಾರ್’ ಎಂದು ಸೇರಿಸಿದ್ದಳು.