ಮಂಜುಗಡ್ಡೆಯ ಮೇಲೆ ನಡೆಯುವವರಿಗೆ: ಬೂಟಿನ ಮುಳ್ಳುಗಳ ಆಯ್ಕೆಯೂ ಉಪಯೋಗವೂ

ಮಾರ್ಗಶಿರ ಪುಷ್ಯಮಾಸಗಳು ಬಂದವೆಂದರೆ ಈಚಿನ ವರ್ಷಗಳಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ತರುಣ ತರುಣಿಯರ ತಂಡಗಳು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಸಾಂಕ್ರಿ ಎಂಬ ಹಳ್ಳಿಯ ದಾರಿ ಹಿಡಿಯುತ್ತವೆ. ಅಲ್ಲಿಂದ ಮೇಲೇರಿ, ಸುಮಾರು 3,800 ಮೀಟರು ಎತ್ತರದ ಕೇದಾರಕಂಠದ ನೆತ್ತಿಯ ಮೇಲೆ ನಿಂತು ಸೂರ್ಯೋದಯವನ್ನು ಕಾಣಬೇಕೆಂಬುದು ಅವರ ಅಭಿಲಾಷೆ. ಅದೇ ಕಾಲದಲ್ಲಿ ಟೊರೊಂಟೊ, ಮಿನಿಯಾಪೊಲಿಸ್ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರೂ, ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋದ ತಾಯಂದಿರೂ, ಮನೆಯ ಹೊಸ್ತಿಲಿನಿಂದ ಕಾರಿನವರೆಗಿನ ಅಲ್ಪವಾದ ಹಾದಿಯನ್ನೇ ಶಂಕೆಯಿಂದ ನೋಡುತ್ತ ನಿಲ್ಲುವುದುಂಟು. ಬೂಟಿನ ಮೇಲೆ ತೊಡಿಸುವ ಲೋಹದ ಮುಳ್ಳುಗಳು ಈ ಉಭಯರಿಗೂ ಬೇಕು. ಆದರೆ ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಹಿತವಲ್ಲ. ನೆಲಕ್ಕೆ ತಕ್ಕ ಮುಳ್ಳನ್ನು ಆರಿಸುವುದು ಮತ್ತು ನೆಲ ಬದಲಾದೊಡನೆ ಅದನ್ನು ಕಳಚುವುದು, ಇವೆರಡನ್ನು ಅರಿತವನಿಗೆ ಉಳಿದದ್ದೆಲ್ಲ ಅಭ್ಯಾಸದಿಂದ ಬರುತ್ತದೆ.

ಮಂಜುಗಡ್ಡೆ ಏಕೆ ಜಾರುತ್ತದೆ ಎಂಬುದನ್ನು ಮೊದಲು ಒಂದಿಷ್ಟು ತಿಳಿಯುವುದು ಒಳ್ಳೆಯದು. ನಮ್ಮ ದೇಹದ ಭಾರದಿಂದ ಅದು ಕರಗಿ ಜಾರುತ್ತದೆ ಎಂದು ಬಹುಕಾಲ ಪಾಠ ಹೇಳುತ್ತಿದ್ದರಾದರೂ, ಮನುಷ್ಯನ ತೂಕಕ್ಕೆ ಅಷ್ಟು ಸಾಮರ್ಥ್ಯವಿಲ್ಲ. ಘನೀಭವಿಸಿದ ನೀರಿನ ಹೊರಮೈಯಲ್ಲಿ, ಸೊನ್ನೆ ಡಿಗ್ರಿಗಿಂತ ಕೆಳಗೂ, ದ್ರವಸದೃಶವಾದ ಅತಿಸೂಕ್ಷ್ಮ ಪದರವೊಂದು ಇರುತ್ತದೆಂದು ಮೈಕೇಲ್ ಫ್ಯಾರಡೆ 1850 ರಷ್ಟು ಹಿಂದೆಯೇ ಊಹಿಸಿದ್ದನು. ಆ ಪದರವೂ, ಉಜ್ಜಾಟದಿಂದ ಹುಟ್ಟುವ ಶಾಖವೂ ಸೇರಿ ಕಾಲನ್ನು ಕೈಬಿಡುತ್ತವೆ. ಆದುದರಿಂದಲೇ ಕಡುಚಳಿಯಲ್ಲಿ ಒಣಗಿ ಬಿರುಸಾದ ಗಡ್ಡೆಗಿಂತ, ಬಿಸಿಲಿಗೆ ಮೇಲ್ಮೈ ನೀರೂರಿದ ಗಡ್ಡೆಯೇ ಹೆಚ್ಚು ಅಪಾಯಕರ. ರಬ್ಬರಿನ ಅಟ್ಟೆ ಇಂತಹ ನೆಲದ ಮೇಲೆ ಹಿಡಿತವಿಲ್ಲದೆ ಸರಿಯುತ್ತದೆ. ಚಳಿಗೆ ರಬ್ಬರು ಗಡುಸಾಗುವುದರಿಂದ ಇದ್ದ ಹಿಡಿತವೂ ಕುಗ್ಗುತ್ತದೆ. ಲೋಹದ ಮುಳ್ಳು ಮಾಡುವ ಕೆಲಸವೇ ಬೇರೆ: ದೇಹದ ಭಾರವೆಲ್ಲ ಕೆಲವು ಮೊನೆಗಳ ಮೇಲೆ ಕೇಂದ್ರೀಕೃತವಾಗಿ, ಆ ಮೊನೆಗಳು ಗಡ್ಡೆಯೊಳಗೆ ನಾಟಿಕೊಳ್ಳುವ ಕಾರಣ, ಕಾಲು ಜಾರಬೇಕಾದರೆ ಗಡ್ಡೆಯೇ ಒಡೆಯಬೇಕಾಗುತ್ತದೆ. ನಾಟುವುದಕ್ಕೆ ಗಡ್ಡೆಯಿಲ್ಲದ ಕಡೆ ಮುಳ್ಳಿನಿಂದ ಏನೂ ಪ್ರಯೋಜನವಿಲ್ಲವೆಂಬುದೂ ಇದರಿಂದಲೇ ಸಿದ್ಧವಾಗುತ್ತದೆ.

ಯಾವುದನ್ನು ಕೊಳ್ಳಬೇಕು

ಪೇಟೆಯಲ್ಲಿ ದೊರೆಯುವ ಉಪಕರಣಗಳನ್ನು ಸ್ಥೂಲವಾಗಿ ನಾಲ್ಕು ಬಗೆಯೆಂದು ಹೇಳಬಹುದು. ಮೊದಲನೆಯದು, ರಬ್ಬರಿನ ಜಾಲಕ್ಕೆ ಉಕ್ಕಿನ ತಂತಿಯ ಸುರುಳಿಗಳನ್ನು ಸುತ್ತಿದ್ದು. ಹಗುರವಾದುದು, ಅಗ್ಗವಾದುದು, ತುಳಿದು ಗಟ್ಟಿಯಾದ ಹಿಮದ ಸಮತಟ್ಟಾದ ದಾರಿಗೆ ಸಾಕಾದುದು. ಆದರೆ ಕನ್ನಡಿಯಂತಹ ಗಡ್ಡೆಯ ಮೇಲೆ ಅಷ್ಟೇನೂ ಭರವಸೆಯದಲ್ಲ. ಎರಡನೆಯದು, ರಬ್ಬರಿನ ಪಟ್ಟಿಯಲ್ಲಿ ಚಿಕ್ಕ ಮೊಳೆಗಳನ್ನು ಕೂರಿಸಿದ್ದು. ಇದರಲ್ಲಿ ಮೊಳೆಯ ತುದಿ ಟಂಗ್‌ಸ್ಟನ್ ಕಾರ್ಬೈಡಿನದಾಗಿದೆಯೇ ಎಂದು ಕೇಳಿ ಕೊಳ್ಳಬೇಕು. ಆ ಪದಾರ್ಥ ಉಕ್ಕಿಗಿಂತ ಬಹಳ ಕಠಿಣವಾದುದರಿಂದ, ಗಡ್ಡೆಯೂ ಬರಿಯ ಡಾಂಬರೂ ಒಂದಾದ ಮೇಲೊಂದು ಬರುವ ನಗರದ ಕಾಲುದಾರಿಗಳಲ್ಲಿ ಬೇಗ ಸವೆಯುವುದಿಲ್ಲ. ಟೊರೊಂಟೊದ ತಾಯಿಗೆ ಬೇಕಾದದ್ದು ಇದೇ ಹೊರತು ಪರ್ವತದ ಮುಳ್ಳಲ್ಲ.

ಮೂರನೆಯದು ಹಿಮಾಲಯದ ಚಾರಣಿಗರು ಮೈಕ್ರೋಸ್ಪೈಕ್ ಎಂದು ಕರೆಯುವ ಸರಪಳಿಯ ಜೋಡು. ಬೂಟಿನ ಸುತ್ತ ಬಿಗಿಯುವ ರಬ್ಬರಿನ ಪಟ್ಟಿ, ಅದರಿಂದ ಅಟ್ಟೆಯ ಕೆಳಗೆ ಹಾಯುವ ಉಕ್ಕಿನ ಸರಪಳಿಗಳು, ಆ ಸರಪಳಿಗಳಿಗೆ ಜೋಡಿಸಿದ ತ್ರಿಕೋನಾಕಾರದ ಹಲ್ಲುಗಳು, ಹೀಗೆ ಇದರ ರಚನೆ. ಒಳ್ಳೆಯ ತಯಾರಿಕೆಯದರಲ್ಲಿ ಒಂದೊಂದು ಕಾಲಿಗೂ ಸುಮಾರು ಹನ್ನೆರಡು ಹಲ್ಲು, ಒಂದೊಂದು ಹಲ್ಲೂ ಸುಮಾರು ಒಂದು ಸೆಂಟಿಮೀಟರು ಉದ್ದ. ಕೇದಾರಕಂಠ, ಬ್ರಹ್ಮತಾಲ್ ಮುಂತಾದ ಚಳಿಗಾಲದ ಹಾದಿಗಳಿಗೆ ಇದು ಸರ್ವಸಮ್ಮತವಾದ ಆಯ್ಕೆ. ನಾಲ್ಕನೆಯದು ಪರ್ವತಾರೋಹಿಗಳ ಕ್ರ್ಯಾಂಪಾನ್. ಆಸ್ಕರ್ ಎಕೆನ್‌ಸ್ಟೈನ್ ಎಂಬ ಆಂಗ್ಲ ಆರೋಹಿ 1908 ರ ಸುಮಾರಿಗೆ ರೂಪಿಸಿದ ಹತ್ತು ಹಲ್ಲಿನ ಕ್ರ್ಯಾಂಪಾನಿನಿಂದ, ಕೊಡಲಿಯಿಂದ ಒಂದೊಂದೇ ಮೆಟ್ಟಿಲು ಕಡಿದು ಏರುವ ಶ್ರಮ ಬಹುಮಟ್ಟಿಗೆ ತಪ್ಪಿತು; 1929 ರಲ್ಲಿ ಲೊರಾಂ ಗ್ರಿವೆಲ್ ಮುಂದಕ್ಕೆ ಚಾಚಿದ ಎರಡು ಕೋರೆಗಳನ್ನು ಅದಕ್ಕೆ ಸೇರಿಸಿದನು. ಅದನ್ನು ತೊಡಲು ಬಾಗದ ಅಟ್ಟೆಯ ಬೂಟೂ, ಉಪಯೋಗಿಸಲು ಶಿಕ್ಷಣವೂ ಬೇಕು. ತಿಳಿಯದವನು ಕಟ್ಟಿಕೊಂಡರೆ ಒಂದು ಕಾಲಿನ ಕೋರೆ ಮತ್ತೊಂದು ಕಾಲಿನ ಷರಾಯಿಗೆ ಸಿಕ್ಕಿ ಮುಗ್ಗರಿಸುವುದೇ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ಮೈಕ್ರೋಸ್ಪೈಕ್ ತೊಟ್ಟವನಿಗೆ ಬರುವ ಧೈರ್ಯ ಅದರ ಯೋಗ್ಯತೆಯನ್ನು ಮೀರಿದ್ದು. ಕೆಳಗೆ ಕಣಿವೆಯಿದ್ದು ಜಾರಿದರೆ ನಿಲ್ಲಲಾಗದ ಕಡಿದಾದ ಗಟ್ಟಿಹಿಮದ ಇಳಿಜಾರಿಗೆ ಕ್ರ್ಯಾಂಪಾನೂ ಹಿಮಗೊಡಲಿಯೂ ಅವುಗಳನ್ನು ಬಲ್ಲ ಮಾರ್ಗದರ್ಶಿಯೂ ಇರತಕ್ಕದ್ದು, ಇಲ್ಲವಾದರೆ ಹಿಂದಿರುಗತಕ್ಕದ್ದು.

ಅಳತೆಯನ್ನು ಬೂಟಿನ ಸಂಖ್ಯೆಯಿಂದ ಮಾತ್ರ ನಿಶ್ಚಯಿಸುವುದು ಸಾಲದು. ಒಂದೇ ಸಂಖ್ಯೆಯ ಓಟದ ಬೂಟಿಗೂ ಚಾರಣದ ದಪ್ಪ ಬೂಟಿಗೂ ಹೊರಸುತ್ತಿನಲ್ಲಿ ಬಹಳ ವ್ಯತ್ಯಾಸವಿರುವುದರಿಂದ, ನಿಜವಾಗಿ ತೊಡುವ ಬೂಟನ್ನೇ ಅಂಗಡಿಗೆ ಒಯ್ದು, ಅದರ ಮೇಲೆ ಸ್ಪೈಕನ್ನು ತೊಡಿಸಿ ನೋಡಬೇಕು. ಸಡಿಲವಾದರೆ ಅಡ್ಡ ಇಳಿಜಾರಿನಲ್ಲಿ ಜೋಡು ಪಕ್ಕಕ್ಕೆ ಹೊರಳಿ ಹಲ್ಲುಗಳು ಬೂಟಿನ ಮಗ್ಗುಲಿಗೆ ಬರುತ್ತವೆ. ಅತಿ ಬಿಗಿಯಾದರೆ, ವಿಶೇಷವಾಗಿ ಮೆದುವಾದ ಬೂಟಿನಲ್ಲಿ, ಬೆರಳುಗಳು ಅದುಮಿ ರಕ್ತಸಂಚಾರ ಕುಂದಿ ಕಾಲು ಮರಗಟ್ಟುತ್ತದೆ. ರಬ್ಬರಿನ ಪಟ್ಟಿಯನ್ನು ಕೈಯಿಂದ ಚೆನ್ನಾಗಿ ಎಳೆದು ಬಿಡಿ: ಬಿಳಿಯ ಗೆರೆಗಳು ಮೂಡಿದರೆ, ಸರಪಳಿ ಸಿಕ್ಕಿಸಿರುವ ತೂತಿನ ಅಂಚಿನಲ್ಲಿ ಬಿರುಕು ಕಂಡರೆ, ಅದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಇಂತಹ ಜೋಡು ಸಾಮಾನ್ಯವಾಗಿ ಮೊದಲು ಹರಿಯುವುದು ಆ ತೂತಿನಲ್ಲಿಯೇ. ವರ್ಷಕ್ಕೊಮ್ಮೆ ಹೋಗುವವರಿಗೆ ಸಾಂಕ್ರಿಯಂತಹ ಊರುಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಆದರೆ ಬಾಡಿಗೆಯ ಜೋಡನ್ನು ಹೊರಡುವ ಹಿಂದಿನ ಸಂಜೆಯ ಬೆಳಕಿನಲ್ಲಿ ಪರೀಕ್ಷಿಸಬೇಕೇ ಹೊರತು ಮರುದಿನ ನಸುಕಿನ ಕತ್ತಲೆಯಲ್ಲಲ್ಲ.

ನಗರದಲ್ಲಿ ವಾಸಿಸುವವರು ಸ್ಪೈಕ್ ಕೊಳ್ಳುವ ಮುನ್ನ ಬೂಟಿನ ಕಡೆಗೂ ದೃಷ್ಟಿ ಹಾಯಿಸುವುದು ಯುಕ್ತ. ಟೊರೊಂಟೊದ ಪುನರ್ವಸತಿ ಸಂಶೋಧನಾ ಸಂಸ್ಥೆಯೊಂದು ಚಳಿಗಾಲದ ಬೂಟುಗಳನ್ನು ಜನರಿಗೆ ತೊಡಿಸಿ, ಓರೆಯಾಗಿ ಎತ್ತಬಹುದಾದ ಮಂಜುಗಡ್ಡೆಯ ನೆಲದ ಮೇಲೆ ನಡೆಸಿ ಪರೀಕ್ಷಿಸುತ್ತದೆ. 7 ಡಿಗ್ರಿಯ ಓರೆಯಲ್ಲಿ ಜಾರದೆ ನಿಂತ ಬೂಟಿಗೆ ಒಂದು ಹಿಮಹರಳಿನ ಚಿಹ್ನೆ, ಇನ್ನೂ ಹೆಚ್ಚಿನ ಓರೆಗೆ ಎರಡು ಮೂರು. 2016 ರಲ್ಲಿ ಮೊದಲ ಫಲಿತಾಂಶಗಳು ಪ್ರಕಟವಾದಾಗ ಬಹುಪಾಲು ಬೂಟುಗಳಿಗೆ ಒಂದು ಚಿಹ್ನೆಯೂ ದೊರೆಯಲಿಲ್ಲವೆಂದರೆ, ದಪ್ಪ ಅಟ್ಟೆಯ ಗಾಂಭೀರ್ಯವನ್ನು ಎಷ್ಟು ನಂಬಬೇಕೆಂಬುದು ಓದುಗರಿಗೇ ಹೊಳೆದೀತು. ಏನೂ ಕೈಗೆ ಸಿಗದ ಆಪತ್ತಿನಲ್ಲಿ ಬೂಟಿನ ಮೇಲೆಯೇ ಕಾಲುಚೀಲವನ್ನು ಎಳೆದುಕೊಂಡು ನಡೆಯಬಹುದು. ಇದು ನಗೆಯ ಮಾತಲ್ಲ. ನ್ಯೂಜಿಲೆಂಡಿನ ಡನೀಡಿನ್ ನಗರದ ಕಡಿದಾದ ಬೀದಿಗಳಲ್ಲಿ ಪರೀಕ್ಷಿಸಿ ಇದರಿಂದ ಜಾರುವಿಕೆ ಕಡಮೆಯಾಗುವುದೆಂದು ತೋರಿಸಿದ ಸಂಶೋಧಕರಿಗೆ 2010 ರಲ್ಲಿ ಇಗ್ ನೊಬೆಲ್ ಎಂಬ ವಿನೋದದ ಪಾರಿತೋಷಕವೂ ಸಂದಿತು.

ತೊಡುವ ಕ್ರಮ

ಜಾರುವ ನೆಲವನ್ನು ತಲುಪಿದ ಮೇಲೆ ತೊಡಹೊರಡುವುದು ಅವಿವೇಕ. ಅದಕ್ಕೆ ಹತ್ತು ಮಾರು ಮೊದಲೇ, ಕಲ್ಲಿನ ಮೇಲೋ ಮರದ ದಿಮ್ಮಿಯ ಮೇಲೋ ಕುಳಿತು ತೊಡಬೇಕು. ಬೂಟಿನ ಅಟ್ಟೆಗೆ ಅಂಟಿದ ಹಿಮವನ್ನು ಮೊದಲು ಒರಸಿ ತೆಗೆಯಿರಿ. ಜೋಡಿನ ಮುಂಭಾಗಕ್ಕೆ ಸಾಮಾನ್ಯವಾಗಿ ಗುರುತು ಇರುತ್ತದೆ. ಆ ಭಾಗವನ್ನು ಬೂಟಿನ ಮೂತಿಗೆ ಸಿಕ್ಕಿಸಿ, ಬಳಿಕ ಹಿಂಬದಿಯ ಕಿವಿಯನ್ನು ಹಿಡಿದು ಹಿಮ್ಮಡಿಯ ಮೇಲಕ್ಕೆ ಬಲವಾಗಿ ಎಳೆಯಿರಿ. ಅನಂತರ ಎರಡು ಪಕ್ಕದ ಪಟ್ಟಿಗಳೂ ಸಮನಾದ ಎತ್ತರಕ್ಕೆ ಬಂದಿವೆಯೇ, ಕೆಳಗಿನ ಸರಪಳಿಗಳು ತಿರುಚಿಕೊಳ್ಳದೆ ಅಟ್ಟೆಯ ಮಧ್ಯಕ್ಕೆ ಕುಳಿತಿವೆಯೇ, ಹಲ್ಲುಗಳೆಲ್ಲ ಕೆಳಮೊಗವಾಗಿವೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ದಪ್ಪ ಕೈಗವಸಿನಲ್ಲಿ ಈ ಕೆಲಸ ಸುಲಭವಲ್ಲ. ಮನೆಯಲ್ಲೇ ಕೈಗವಸು ತೊಟ್ಟು ಕೆಲವು ಸಾರಿ ಅಭ್ಯಾಸ ಮಾಡಿಕೊಂಡವರಿಗೆ, ಚಳಿಯಲ್ಲಿ ಬೆರಳು ಸೆಟೆದುಕೊಂಡಾಗ ಅದರ ಬೆಲೆ ತಿಳಿಯುತ್ತದೆ. ಅಗಲವಾದ ಷರಾಯಿಯ ಅಂಚನ್ನು, ಬೂಟಿನ ಮೇಲಿನಿಂದ ಕಣಕಾಲಿಗೆ ಸುತ್ತುವ ಗೇಟರಿನೊಳಗೆ ಸೇರಿಸಿ. ಐದಾರು ನಿಮಿಷ ನಡೆದ ಮೇಲೆ ನಿಂತು ಮತ್ತೊಮ್ಮೆ ಬಿಗಿ ನೋಡತಕ್ಕದ್ದು.

ನಡೆಯುವ ಬಗೆ

ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳವನ್ನು ದಾಟುವ ಮಲೆನಾಡಿನ ಹಿರಿಯರ ಪದವಿನ್ಯಾಸವನ್ನು ಕಂಡವರಿಗೆ ಈ ವಿದ್ಯೆಯ ಅರ್ಧಭಾಗ ಆಗಲೇ ಬಂದಂತೆ: ಹೆಜ್ಜೆ ಗಿಡ್ಡ, ಪಾದ ಚಪ್ಪಟೆ, ಮಂಡಿ ಕೊಂಚ ಬಾಗಿದ್ದು, ದೇಹದ ಭಾರ ಮುಂದಿಟ್ಟ ಕಾಲಿನ ನೇರ ಮೇಲಕ್ಕೆ. ಬರಿಯ ನೆಲದ ಮೇಲೆ ನಾವು ಹಿಮ್ಮಡಿಯನ್ನು ಮೊದಲೂರಿ ಬೆರಳಿನಿಂದ ನೂಕಿ ನಡೆಯುತ್ತೇವೆ; ಗಡ್ಡೆಯ ಮೇಲೆ ಹಾಗೆ ಮಾಡಿದರೆ ಹನ್ನೆರಡು ಹಲ್ಲುಗಳಲ್ಲಿ ಒಂದೊಂದು ಕ್ಷಣಕ್ಕೆ ಎರಡು ಮೂರು ಮಾತ್ರ ಕೆಲಸ ಮಾಡುತ್ತವೆ. ಪಾದವನ್ನು ಪೂರ್ತಿಯಾಗಿ ಒಮ್ಮೆಗೇ ಊರಿ, ಒಮ್ಮೆಗೇ ಎತ್ತಬೇಕು. ಎಳೆದುಕೊಂಡು ಹೋದರೆ ಹಲ್ಲು ಸಿಕ್ಕಿ ಮುಗ್ಗರಿಸುವುದು ಖಂಡಿತ. ಎರಡು ಪಾದಗಳ ನಡುವೆ ಎಂದಿಗಿಂತ ಒಂದಿಷ್ಟು ಹೆಚ್ಚು ಅಂತರವಿರಲಿ. ಕೈಗಳು ಜೇಬಿನಲ್ಲಿರಕೂಡದು.

ಏರುವಾಗ ಪಾದಗಳ ಮೂತಿಯನ್ನು ಹೊರಕ್ಕೆ ತಿರುಗಿಸಿ ಚಪ್ಪಟೆಯಾಗಿಯೇ ಊರಿರಿ. ಇಳಿಯುವಾಗ ಭಯದಿಂದ ಹಿಂದಕ್ಕೆ ವಾಲುವುದು ಸಹಜ, ಆದರೆ ಬೀಳಿಸುವುದೂ ಅದೇ. ಮಂಡಿ ಬಾಗಿಸಿ ಸೊಂಟವನ್ನು ಪಾದಗಳ ಮೇಲೆಯೇ ಇಟ್ಟುಕೊಂಡರೆ ಹಲ್ಲುಗಳು ಚೆನ್ನಾಗಿ ನಾಟುತ್ತವೆ. ಇಳಿಜಾರನ್ನು ಅಡ್ಡಲಾಗಿ ದಾಟುವಾಗ ಬೂಟಿನ ಅಂಚನ್ನು ಊರದೆ, ಎಲ್ಲ ಹಲ್ಲುಗಳೂ ಹಿಮವನ್ನು ಮುಟ್ಟುವಂತೆ ಹರಡನ್ನು ಇಳಿಜಾರಿನ ಕಡೆಗೆ ಹೊರಳಿಸಬೇಕು. ಕೇದಾರಕಂಠದ ಶಿಖರಕ್ಕೆ ತಂಡಗಳು ಬೆಳಕು ಹರಿಯುವ ಮುನ್ನ ಹೊರಡುವಾಗ ಹಿಮ ರಾತ್ರಿಯ ಚಳಿಗೆ ಕಲ್ಲಾಗಿರುತ್ತದೆ, ಸ್ಪೈಕು ಕರುಕರು ಸದ್ದಿನೊಡನೆ ಕಚ್ಚುತ್ತದೆ. ಹಿಂದಿರುಗುವ ವೇಳೆಗೆ ಅದೇ ಹಿಮ ಬಿಸಿಲಿಗೆ ಮೆತ್ತಗಾಗಿ ಸರಪಳಿಗಳ ನಡುವೆ ಉಂಡೆಗಟ್ಟುತ್ತದೆ. ಉಂಡೆ ಕಟ್ಟಿದ ಜೋಡಿನ ಹಲ್ಲು ನೆಲಕ್ಕೆ ಎಟುಕದು. ಹೀಗಾದಾಗ ಕೆಲವು ಹೆಜ್ಜೆಗಳಿಗೊಮ್ಮೆ ಊರುಗೋಲಿನಿಂದ ಬೂಟಿನ ಮಗ್ಗುಲನ್ನು ತಟ್ಟಿ ಉದುರಿಸುತ್ತ ಹೋಗಬೇಕು.

ಕಳಚುವ ಸ್ಥಳ

ನಯವಾದ ಬಂಡೆ, ಹೆಂಚಿನ ನೆಲ, ಅಮೃತಶಿಲೆ, ಕಬ್ಬಿಣದ ಮೆಟ್ಟಿಲು ಇವುಗಳ ಮೇಲೆ ಲೋಹದ ಮುಳ್ಳು ತೊಟ್ಟವನು ಬರಿಯ ಬೂಟಿನವನಿಗಿಂತ ಬೇಗ ಬೀಳುತ್ತಾನೆ. ಮಂಜುಗಡ್ಡೆಯ ಬೀದಿಯನ್ನು ಕ್ಷೇಮವಾಗಿ ದಾಟಿಬಂದು ಅಂಗಡಿಯ ಬಾಗಿಲೊಳಗೆ ಕಾಲಿಟ್ಟೊಡನೆ ಉರುಳುವುದು ಇದರಿಂದಲೇ. ಆದಕಾರಣ ಬಾಗಿಲಿನ ಹೊರಗೆಯೇ, ಗೋಡೆಗೆ ಒರಗಿಯೋ ಕುಳಿತೋ ಕಳಚಬೇಕು. ಒಂಟಿಕಾಲಿನ ಮೇಲೆ ನಿಂತು ಕಳಚುವ ಸಾಹಸ ವಯಸ್ಸಾದವರಿಗೆ ಸಲ್ಲದು. ಬಾಗಿಲ ಬಳಿ ಒಂದು ಕುರ್ಚಿ ಇಡಿಸಿಕೊಳ್ಳಲಿ. ಕಾರು ನಡೆಸುವವರು ಸ್ಪೈಕು ತೊಟ್ಟು ಪೆಡಲನ್ನು ತುಳಿಯಕೂಡದು. ಚಾರಣದಲ್ಲಿ ಕಲ್ಲುದಾರಿ ಉದ್ದಕ್ಕೆ ಬಂದರೆ ಕಳಚಿ; ನಾಲ್ಕು ಹೆಜ್ಜೆಯ ಬಂಡೆಯಾದರೆ ತೊಟ್ಟೇ, ಆದರೆ ಮೆಲ್ಲಗೆ, ದಾಟಿ.

ಮನೆಗೆ ಬಂದಮೇಲೆ ಬೀದಿಯ ಉಪ್ಪೂ ಕೆಸರೂ ಹೋಗುವಂತೆ ನೀರಿನಲ್ಲಿ ಜಾಲಿಸಿ, ಒಲೆಯ ಹತ್ತಿರವಲ್ಲ, ಗಾಳಿಯಲ್ಲಿ ಆರಿಸಿ. ಮೊಂಡಾದ ಉಕ್ಕಿನ ಹಲ್ಲನ್ನು ಕೈಯರದಿಂದ ಮೆಲ್ಲಗೆ ಉಜ್ಜಿ ಚೂಪು ಮಾಡಬಹುದು. ಸಾಣೆಯಂತ್ರಕ್ಕೆ ಹಿಡಿದರೆ ಶಾಖಕ್ಕೆ ಉಕ್ಕಿನ ಹದ ಕೆಡುತ್ತದೆ. ವಿಮಾನದಲ್ಲಿ ಹೋಗುವವರು ಇದನ್ನು ಗಟ್ಟಿ ಬಟ್ಟೆಯಲ್ಲಿ ಸುತ್ತಿ, ಕೈಚೀಲದಲ್ಲಿಡದೆ, ಒಪ್ಪಿಸುವ ಪೆಟ್ಟಿಗೆಯಲ್ಲಿಯೇ ಇಡುವುದು ಮೇಲು. ಸರಪಳಿಯ ಕೊಂಡಿ ದಾರಿಯ ನಡುವೆ ಬಿಚ್ಚಿಕೊಂಡರೆ ಮೆದುವಾದ ಕಟ್ಟುತಂತಿಯಿಂದ ಬಿಗಿದು ಊರು ಸೇರಬಹುದಾದ್ದರಿಂದ ಒಂದು ಗೇಣು ತಂತಿ ಚೀಲದಲ್ಲಿರಲಿ. ರಬ್ಬರು ಹರಿದರೆ ಮಾತ್ರ ರಿಪೇರಿಗೆ ಉಪಾಯವಿಲ್ಲ, ಅದನ್ನು ಮುಂದಿನ ವರ್ಷಕ್ಕೆಂದು ಎತ್ತಿಡದೆ ಆಗಲೇ ಬಿಸುಡತಕ್ಕದ್ದು.