ಸ್ಫೋಟದಿಂದ ಸ್ಫೋಟ
2021ರ ಜನವರಿ 21ರ ರಾತ್ರಿ ಶಿವಮೊಗ್ಗೆಯ ಬಳಿಯ ಹುಣಸೋಡಿನ ಕಲ್ಲುಗಣಿಯಲ್ಲಿ ಸ್ಫೋಟಕಗಳು ಸಿಡಿದು ಹಲವರು ಮಡಿದರು. ಭದ್ರಾವತಿಯವರೆಗೂ ನೆಲ ನಡುಗಿತು. ಜನರು ಭೂಕಂಪವೆಂದೇ ಬಗೆದರು. ಸಹಜವೇ! ನೆಲದ ಕಂಪನವು ಸೆಕೆಂಡಿಗೆ ಹಲವು ಕಿಲೋಮೀಟರು ಧಾವಿಸುತ್ತದೆ. ಗಾಳಿಯಲ್ಲಿ ಶಬ್ದವು ಸುಮಾರು 340 ಮೀಟರು ಮಾತ್ರ. 17 ಕಿ.ಮೀ. ದೂರಕ್ಕೆ ಸದ್ದು ತಲಪಲು 50 ಸೆಕೆಂಡು ಬೇಕು.

ಹಾನಿಯು ಬೆಳೆಯುವ ಬಗೆಯನ್ನು ನಾವು ನೋಡೋಣ. ಒಂದು ಜಿಲೆಟಿನ್ ಕಡ್ಡಿಯ ಆಘಾತತರಂಗವೇ ಪಕ್ಕದ ಕಡ್ಡಿಯನ್ನು ಸಿಡಿಸಬಲ್ಲುದು. ದ್ರವೀಕೃತ ನೈಸರ್ಗಿಕ ಅನಿಲವು ಹಾಗಲ್ಲ. ಸೋರಿ, ಸುಮಾರು 600 ಪಟ್ಟು ಹಿಗ್ಗಿ, ಗಾಳಿಯಲ್ಲಿ ಶೇಕಡಾ 5ರಿಂದ 15ರವರೆಗೆ ಬೆರೆತಾಗಲೇ ಅದು ಕಿಡಿಗೆ ಹೊತ್ತಿಕೊಳ್ಳುವುದು. 2004ರಲ್ಲಿ ಆಲ್ಜೀರಿಯದ ಸ್ಕಿಕ್ಡಾ ಸ್ಥಾವರದಲ್ಲಿ ಸೋರಿದ ಅನಿಲವನ್ನು ಒಂದು ಬಾಯ್ಲರು ಗಾಳಿಯೊಡನೆ ಒಳಗೆಳೆದುಕೊಂಡು ಸಿಡಿಯಿತು. ಆ ಬೆಂಕಿಯು ಹೊರಗಿನ ಅನಿಲಮೇಘಕ್ಕೆ ತಗಲಿ ಮೂರು ದ್ರವೀಕರಣ ಘಟಕಗಳು ನಾಶವಾದವು, 27 ಮಂದಿ ಸತ್ತರು.